ಮರಳಿಸುವ ಷರತ್ತಿನ ಮೇಲೆ

ನನ್ನ ಸೋದರಮಾವ ಚಾಮರಾಜಪೇಟೆಯವರು. ಮೂವತ್ತು ವರ್ಷ ಕಸ್ಟಮ್ಸ್ ಕ್ಲಿಯರಿಂಗ್ ಏಜೆಂಟರೊಬ್ಬರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮದರಾಸಿನ ಬಂದರಿಗೋ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೋ ಬಂದಿಳಿದ ಪೆಟ್ಟಿಗೆಗಳ ಕಾಗದಪತ್ರ ನೋಡಿಕೊಳ್ಳುವುದು ಅವರ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಅವರೇ ನನ್ನನ್ನು ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಕರೆದುಕೊಂಡು ಹೋದರು. ಡ್ರಾಯಿಂಗ್‌ನಲ್ಲಿ ನನಗೆ ಒಳ್ಳೆಯ ಮಾರ್ಕ್ಸ್ ಬಂದಿತ್ತು, ಅದಕ್ಕೆ. ಮಾವನಿಗೆ ಚಿತ್ರಕಲೆ ಎಂದರೆ ಗೋಡೆಯ ಕ್ಯಾಲೆಂಡರಿನಷ್ಟೇ ಪರಿಚಯ. ರೋರಿಕ್ ಗ್ಯಾಲರಿಯಲ್ಲಿ ನೀಲಿ, ನೇರಳೆ, ಕೇಸರಿ ಬಣ್ಣದ ಹಿಮಾಲಯದ ಮುಂದೆ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ಅವರು ಚಿತ್ರದ ಪಕ್ಕದ ಚೀಟಿಯನ್ನು ಕನ್ನಡಕ ಮೇಲಕ್ಕೆತ್ತಿ ಓದುತ್ತಿದ್ದರು. ಆಮೇಲೆ ಅಲ್ಲಿದ್ದ ಕಾವಲುಗಾರರನ್ನು ಕೇಳಿದರು: "ಇವೆಲ್ಲ ಹಿಂದಕ್ಕೆ ಯಾವಾಗ ಹೋಗಬೇಕು?"

"ಎಲ್ಲಿಗೆ ಸಾರ್? ಇಲ್ಲೇ ಇರ್ತವೆ," ಎಂದರು ಆತ.

ಮಾವನಿಗೆ ಸಮಾಧಾನವಾಗಲಿಲ್ಲ. ಹೆಸರು ರಷ್ಯಾದ್ದು, ಚಿತ್ರ ಬೆಂಗಳೂರಿನ ಗೋಡೆಯ ಮೇಲೆ. ಹಾಗಾದರೆ ಇದಕ್ಕೊಂದು ಬಿಲ್ ಆಫ್ ಎಂಟ್ರಿ ಇರಬೇಕು, ಒಂದು ಬಾಂಡ್ ಇರಬೇಕು, ಇಂಥ ದಿನದೊಳಗೆ ವಾಪಸ್ ಕಳಿಸುತ್ತೇವೆ ಎಂಬ ಮುಚ್ಚಳಿಕೆ ಇರಬೇಕು. ಯಂತ್ರಗಳ ಪ್ರದರ್ಶನಕ್ಕೆಂದು ಬರುವ ಜರ್ಮನಿಯ ಯಂತ್ರಗಳನ್ನು ಅವರು ಹಾಗೆಯೇ ಒಳಗೆ ಬಿಡಿಸಿ, ಹಾಗೆಯೇ ಹೊರಗೆ ಕಳಿಸಿದವರು. ಬಸ್ಸಿನಲ್ಲಿ ಬರುವಾಗ ಹೇಳಿದರು: "ಒಳಗೆ ತರೋದು ಏನೂ ಕಷ್ಟ ಅಲ್ಲ ಕಣೋ. ಬಂದದ್ದೇ ಹಿಂದಕ್ಕೆ ಹೋಯ್ತು ಅಂತ ತೋರಿಸೋದಿದೆಯಲ್ಲ, ಅದೇ ಕಷ್ಟ."

ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಬಹಳ ವರ್ಷಗಳ ನಂತರ ರೋರಿಕ್ ಕುಟುಂಬದ ಚಿತ್ರಗಳ ಚರಿತ್ರೆ ಓದುವಾಗ ಮತ್ತೆ ಮತ್ತೆ ನೆನಪಾಯಿತು. ಏಕೆಂದರೆ ಪ್ರದರ್ಶನಕ್ಕೆಂದು ಗಡಿ ದಾಟಿ ಹೋಗಿ, ಹಿಂದಿರುಗದೆ ಉಳಿದ ಚಿತ್ರಗಳ ಕಥೆ ಈ ಒಂದೇ ಮನೆತನದಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆದಿದೆ. ಆ ಕಥೆಯ ಕೊನೆಯ ಕಾಗದಗಳಿಗೆ ಸಹಿ ಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ.

ಮೊದಲನೆಯದು 1904ರದು. ನಿಕೊಲಾಯ್ ರೋರಿಕ್ ಆಗ ಇನ್ನೂ ಮೂವತ್ತರ ಯುವಕ. ಅದರ ಹಿಂದಿನ ವರ್ಷ ಹೆಂಡತಿ ಹೆಲೆನಾ ಜೊತೆಗೆ ರಷ್ಯಾದ ಹಳೆಯ ಊರುಗಳನ್ನು ಸುತ್ತಿ, ಕೋಟೆ, ಚರ್ಚು, ಗೋಪುರಗಳನ್ನು ಸ್ಥಳದಲ್ಲೇ ಕುಳಿತು ಚಿತ್ರಿಸಿದ್ದರು. ಹಾಳಾಗುವ ಮೊದಲು ಇವನ್ನು ದಾಖಲಿಸಬೇಕೆಂಬ ಹಂಬಲ. ಅಂಥ ಸುಮಾರು 75 ಚಿತ್ರಗಳು ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವ ಮೇಳಕ್ಕೆ ಹೋದವು. ಆ ವರ್ಷವೇ ರಷ್ಯಾ ಮತ್ತು ಜಪಾನ್ ನಡುವೆ ಯುದ್ಧ ಶುರುವಾಗಿ, ರಷ್ಯಾ ಸರ್ಕಾರ ಮೇಳದಿಂದ ಹಿಂದೆ ಸರಿಯಿತು. ಕಲಾ ವಿಭಾಗದ ಹೊಣೆಯನ್ನು ಎಡ್ವರ್ಡ್ ಗ್ರುನ್‌ವಾಲ್ಟ್ ಎಂಬ ತುಪ್ಪಳದ ವ್ಯಾಪಾರಿ ತಾನೇ ವಹಿಸಿಕೊಂಡ. ಸುಮಾರು 150 ಕಲಾವಿದರ 600ರಷ್ಟು ಕೃತಿಗಳು ಹಡಗು ಹತ್ತಿದವು.

ಆ ಕಾಲದಲ್ಲಿ ಅಮೆರಿಕಕ್ಕೆ ಬರುವ ವಿದೇಶಿ ಚಿತ್ರಗಳಿಗೆ ಶೇ. 20ರಷ್ಟು ಸುಂಕವಿತ್ತು. ಮೇಳಕ್ಕೆಂದು ತಂದದ್ದಕ್ಕೆ ಮಾತ್ರ ಇಲ್ಲ. ಷರತ್ತು ಸರಳ: ತೋರಿಸಿ, ವಾಪಸ್ ಒಯ್ಯಿರಿ. ಮಾರಿದರೆ ಸುಂಕ ಕಟ್ಟಿ. ಮೇಳ ಮುಗಿಯಿತು. ಚಿತ್ರಗಳು ಊರಿಗೆ ಹೋಗಲಿಲ್ಲ. ಗ್ರುನ್‌ವಾಲ್ಟ್ ಅವನ್ನು ನ್ಯೂಯಾರ್ಕಿಗೆ ಸಾಗಿಸಿ, 1906ರಲ್ಲಿ ಹರಾಜಿಗೆ ಇಟ್ಟ. ಸುಂಕದವರು ನಡುವೆ ಬಂದು ಹರಾಜು ನಿಲ್ಲಿಸಿದರು. ಅಲ್ಲಿಂದ ಮುಂದೆ ಸಾಲಗಾರರು, ವಕೀಲರು, ಗೋದಾಮುಗಳು. ಚಿತ್ರ ಬರೆದವರು ಸಾವಿರಾರು ಮೈಲಿ ದೂರದಲ್ಲಿ ಕಾಗದ ಬರೆಯುತ್ತ ಕುಳಿತರು. ಕೊನೆಗೆ 1912ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾರಸುದಾರರಿಲ್ಲದ ಸರಕು ಎಂದು ಅಮೆರಿಕದ ಸುಂಕದ ಇಲಾಖೆ ಇವನ್ನು ಹರಾಜು ಹಾಕಿತು. ಓಕ್‌ಲ್ಯಾಂಡಿನ ಫ್ರಾಂಕ್ ಹೇವನ್ಸ್ ಎಂಬ ಶ್ರೀಮಂತ ಕೊಂಡುಕೊಂಡ. ಒಂದು ದೇಶದ ಒಂದು ತಲೆಮಾರಿನ ಕಲಾವಿದರ ಕೆಲಸ ವಾರಸುದಾರರಿಲ್ಲದ ಸರಕಾಯಿತು, ವಾರಸುದಾರರೆಲ್ಲ ಬದುಕಿರುವಾಗಲೇ.

ಇಲ್ಲಿ ಯಾರನ್ನು ದೂರುವುದು? ಗ್ರುನ್‌ವಾಲ್ಟ್ ವಂಚಕನೋ, ಬರೀ ಕೆಟ್ಟ ವ್ಯವಹಾರಸ್ಥನೋ, ನನಗೆ ಹೇಳುವುದು ಕಷ್ಟ. ಸುಂಕದ ಅಧಿಕಾರಿಗಳು ನಿಯಮದಂತೆ ನಡೆದರು, ಅದರಲ್ಲಿ ಸಂಶಯವಿಲ್ಲ. ಆದರೆ ಆ ನಿಯಮಕ್ಕೆ ಚಿತ್ರವೂ ತುಪ್ಪಳದ ಕೋಟೂ ಒಂದೇ. ಕಟ್ಟಬೇಕಾದ್ದನ್ನು ಕಟ್ಟದಿದ್ದರೆ ಮಾಲು ಸರ್ಕಾರದ್ದು. ಮಾವ ಇದ್ದಿದ್ದರೆ "ಸರಿಯಾಗೇ ಇದೆ" ಅನ್ನುತ್ತಿದ್ದರೋ ಏನೋ.

ರೋರಿಕ್ ಬರೆದಿದ್ದ ಎಷ್ಟೋ ಹಳೆಯ ಕಟ್ಟಡಗಳು ಆಮೇಲಿನ ಯುದ್ಧಗಳಲ್ಲಿ, ಕ್ರಾಂತಿಯ ನಂತರದ ವರ್ಷಗಳಲ್ಲಿ ನೆಲಸಮವಾದವು. ಅವುಗಳ ಚಿತ್ರಗಳು ಕ್ಯಾಲಿಫೋರ್ನಿಯಾದಲ್ಲಿ ಚದುರಿಹೋಗಿದ್ದವು. ಓಕ್‌ಲ್ಯಾಂಡಿನಲ್ಲಿ ಉಳಿದುಕೊಂಡಿದ್ದ ಮೂವತ್ತಕ್ಕೂ ಹೆಚ್ಚು ಚಿತ್ರಗಳು ಅಮೆರಿಕದ ಅಭಿಮಾನಿಯೊಬ್ಬರ ಕೊಡುಗೆಯಾಗಿ ಮಾಸ್ಕೋದ ಪೌರ್ವಾತ್ಯ ಕಲೆಯ ಸಂಗ್ರಹಾಲಯ ಸೇರಿದ್ದು 1970ರ ದಶಕದಲ್ಲಿ. ಎಪ್ಪತ್ತು ವರ್ಷದ ನಂತರ. ಈ ಸಂಗ್ರಹಾಲಯದ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಎರಡನೆಯ ಸಲ ಕಳೆದುಕೊಂಡದ್ದು ಗಡಿಯಲ್ಲಲ್ಲ, ಗೆಳೆಯರ ನಡುವೆ. 1920ರ ದಶಕದಲ್ಲಿ ರೋರಿಕ್ ಅಮೆರಿಕದಲ್ಲಿ ಬಹುದೊಡ್ಡ ಹೆಸರು. 1929ರಲ್ಲಿ ನ್ಯೂಯಾರ್ಕಿನ ನದಿದಂಡೆಯ ಮೇಲೆ ಅವರ ಚಿತ್ರಗಳಿಗಾಗಿಯೇ ಒಂದು ಗಗನಚುಂಬಿ ಕಟ್ಟಡ ಎದ್ದಿತು. ಕೆಳಗೆ ಮ್ಯೂಸಿಯಂ, ಮೇಲೆ ವಸತಿ. 1930ರ ದಶಕದ ನಡುವೆ, ಅದಕ್ಕೆ ಹಣ ಹೂಡಿದ್ದ ಲೂಯಿ ಹಾರ್ಷ್ ಜೊತೆಗಿನ ಸಂಬಂಧ ಮುರಿಯಿತು. ಕೋರ್ಟಿನಲ್ಲಿ ರೋರಿಕ್ ಕಡೆಯವರು ಸೋತರು. ಸಾವಿರಕ್ಕೂ ಹೆಚ್ಚು ಚಿತ್ರಗಳು ಕೈಬಿಟ್ಟವು. ವಿಚಿತ್ರವೆಂದರೆ, ಅದೇ 1935ರ ಏಪ್ರಿಲ್ 15ರಂದು ಶ್ವೇತಭವನದಲ್ಲಿ ರೂಸ್‌ವೆಲ್ಟ್ ಸಮ್ಮುಖದಲ್ಲಿ 'ರೋರಿಕ್ ಒಪ್ಪಂದ'ಕ್ಕೆ ಅಮೆರಿಕ ಖಂಡದ ದೇಶಗಳು ಸಹಿ ಹಾಕಿದ್ದವು. ಯುದ್ಧವಿರಲಿ ಶಾಂತಿಯಿರಲಿ, ಸಂಗ್ರಹಾಲಯ, ವಿದ್ಯಾಲಯ, ಸ್ಮಾರಕಗಳಿಗೆ ಕೈ ಹಚ್ಚಬಾರದು ಎಂಬ ಒಪ್ಪಂದ. ಜಗತ್ತಿನ ಮ್ಯೂಸಿಯಮ್ಮುಗಳಿಗೆ ರಕ್ಷೆಯ ಬಾವುಟ ಹೊಲಿದುಕೊಟ್ಟವನಿಗೆ ಸ್ವಂತ ಮ್ಯೂಸಿಯಂ ಉಳಿಸಿಕೊಳ್ಳಲಾಗಲಿಲ್ಲ.

ಅಷ್ಟು ಹೊತ್ತಿಗೆ ಅವರು ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದ್ದರು. 1923ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದವರು, ನಡುವೆ ಮಧ್ಯ ಏಷ್ಯಾದ ಯಾತ್ರೆ ಮುಗಿಸಿ ಅಲ್ಲಿ ಮನೆ ಮಾಡಿದ್ದರು. 1947ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಪರಿಷತ್ತಿನಲ್ಲಿ ಮಾವ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಹಿಮಾಲಯಗಳು ಆಮದಾದ ಸರಕಲ್ಲ. ಆಮದಾದದ್ದು ಚಿತ್ರಕಾರ. ಚಿತ್ರ ಹುಟ್ಟಿದ್ದು ಇಲ್ಲಿ.

ಮಗ ಸ್ವೆತೊಸ್ಲಾವ್ ರೋರಿಕ್ ನಮಗೆ ಹೆಚ್ಚು ಪರಿಚಿತರು. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರೂ ಭಾವಚಿತ್ರ ಅವರದು. 1945ರಲ್ಲಿ ಚಿತ್ರನಟಿ ದೇವಿಕಾ ರಾಣಿಯನ್ನು ಮದುವೆಯಾದರು. ಮುಂದೆ ಇಬ್ಬರೂ ಬೆಂಗಳೂರಿಗೆ ಬಂದು ಕನಕಪುರ ರಸ್ತೆಯ ತಾತಗುಣಿಯಲ್ಲಿ ಸುಮಾರು 468 ಎಕರೆಯ ತೋಟ ಕೊಂಡರು. ಸುಗಂಧದ ಎಣ್ಣೆ ಕೊಡುವ ಲಿನಾಲೋ ಮರಗಳನ್ನು ಬೆಳೆಸಿದರು. ಬಸವನಗುಡಿಯ ಹಿರಿಯರು ಈಗಲೂ ಹೇಳುತ್ತಾರೆ, ಗಾಂಧಿಬಜಾರಿನ ಕಡೆ ಅವರ ಕಾರು ಹೋದರೆ ಜನ ತಿರುಗಿ ನೋಡುತ್ತಿದ್ದರು ಅಂತ. ನೋಡುತ್ತಿದ್ದದ್ದು ದೇವಿಕಾ ರಾಣಿಯನ್ನೇ ಇರಬೇಕು. 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿಗೆ, ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರ ಸ್ನೇಹದಿಂದ, ತನ್ನ ಮತ್ತು ತಂದೆಯ ಚಿತ್ರಗಳನ್ನು ಸ್ವೆತೊಸ್ಲಾವ್ ಕೊಟ್ಟರು. ಕೊಟ್ಟರು ಎಂದರೆ ಕೊಟ್ಟರು. ಎರವಲಲ್ಲ.

ಕನ್ನಡದಲ್ಲಿ 'ಸಾಲ' ಬೇರೆ, 'ಎರವಲು' ಬೇರೆ. ಸಾಲ ತಂದ ನೂರು ರೂಪಾಯಿಗೆ ಬೇರೆ ನೂರರ ನೋಟು ಕೊಟ್ಟರೆ ತೀರಿತು. ಎರವಲು ತಂದದ್ದು ಹಾಗಲ್ಲ, ತಂದ ವಸ್ತುವನ್ನೇ ಮರಳಿಸಬೇಕು. ನಮ್ಮಮ್ಮ ಒಂದು ನವರಾತ್ರಿಯಲ್ಲಿ ಪಕ್ಕದ ಬೀದಿಯವರಿಗೆ ಪಟ್ಟದ ಗೊಂಬೆಗಳನ್ನು ಎರವಲು ಕೊಟ್ಟಿದ್ದಳು. ರಾಜ ಮಾತ್ರ ವಾಪಸ್ ಬಂದ. ರಾಣಿ ಎಲ್ಲಿ ಎಂದು ಕೇಳಿದರೆ, ನೀವು ಕೊಟ್ಟದ್ದೇ ಒಂದು ಎಂಬ ಉತ್ತರ. ಅಂದಿನಿಂದ ಅಮ್ಮ ಮನೆಯಿಂದ ಏನು ಹೊರಗೆ ಹೋದರೂ ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದಳು: ಏನು, ಎಷ್ಟು, ಯಾರಿಗೆ, ಎಂದು ಬರಬೇಕು. ಸರ್ಕಾರಗಳು ಮಾಡುವುದೂ ಬಹುಮಟ್ಟಿಗೆ ಇದನ್ನೇ.

ಆ ನೋಟುಪುಸ್ತಕದ ದೊಡ್ಡ ರೂಪಕ್ಕೆ 'ಅಟಾ ಕಾರ್ನೆ' ಎಂದು ಹೆಸರು. ಹಸಿರು ರಟ್ಟಿನ ಒಂದು ಪುಸ್ತಿಕೆ, ಒಳಗೆ ಹಳದಿ, ಬಿಳಿ, ನೀಲಿ ಹಾಳೆಗಳು. ತನ್ನ ದೇಶದಿಂದ ಹೊರಡುವಾಗ ಒಂದು ಹಾಳೆ, ಇನ್ನೊಂದು ದೇಶಕ್ಕೆ ಒಳಬರುವಾಗ ಒಂದು, ಅಲ್ಲಿಂದ ಹೊರಡುವಾಗ ಇನ್ನೊಂದು. ಪ್ರತಿ ಗಡಿಯಲ್ಲೂ ಪಟ್ಟಿಯೊಂದಿಗೆ ಪೆಟ್ಟಿಗೆಯನ್ನು ತಾಳೆ ನೋಡಿ ಮುದ್ರೆ ಒತ್ತುತ್ತಾರೆ. ಹಿಂದಿರುಗದಿದ್ದರೆ ಸುಂಕಕ್ಕೆ ಜಾಮೀನು ನಿಂತ ಸಂಸ್ಥೆ ಹೊಣೆ. ಭಾರತದಲ್ಲಿ ಆ ಜಾಮೀನು ನಿಲ್ಲುವುದು ಫಿಕ್ಕಿ. 1990ರ ಮಾರ್ಚಿನ ಸುಂಕ ಅಧಿಸೂಚನೆಯಲ್ಲಿ ಇದಕ್ಕೆ ಷರತ್ತುಗಳಿವೆ. ಪ್ರದರ್ಶನ ಸಾರ್ವಜನಿಕ ಹಿತದ್ದಾಗಿರಬೇಕು, ಭಾರತ ಸರ್ಕಾರವೋ ವ್ಯಾಪಾರ ಉತ್ತೇಜನ ಸಂಸ್ಥೆಯೋ ಅದನ್ನು ಒಪ್ಪಿರಬೇಕು, ತಂದದ್ದನ್ನು ಆರು ತಿಂಗಳೊಳಗೆ ಹೊರಗೆ ಕಳಿಸಬೇಕು. ಇದಲ್ಲದೆ ಮ್ಯೂಸಿಯಮ್ಮುಗಳಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಬರುವ ಕಲಾಕೃತಿಗಳಿಗೆ ಸುಂಕದ ವಿನಾಯಿತಿ ಬೇರೆ ಇದೆ. ಸರ್ಕಾರಿ ಮ್ಯೂಸಿಯಮ್ಮುಗಳಿಗಷ್ಟೇ ಇದ್ದ ಸವಲತ್ತನ್ನು 2011ರ ಬಜೆಟ್ಟಿನಲ್ಲಿ ಸಾರ್ವಜನಿಕರಿಗೆ ತೆರೆದ ಖಾಸಗಿ ಗ್ಯಾಲರಿಗಳಿಗೂ ವಿಸ್ತರಿಸಿದರು. 2009ರಲ್ಲಿ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ಬಾಗಿಲು ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಸರ್ಕಾರದ್ದು. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಶುರುವಾದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಖಾಸಗಿಯದು. ಈಗ ಎರಡಕ್ಕೂ ಬಾಗಿಲು ಒಂದೇ.

ಆದರೆ ಸುಂಕವೊಂದೇ ಭಯವಲ್ಲ. ಹೊರದೇಶಕ್ಕೆ ಹೋದ ಚಿತ್ರವನ್ನು ಅಲ್ಲಿನ ಕೋರ್ಟಿನಲ್ಲಿ ಯಾರೋ "ಇದು ನಮ್ಮದು" ಎಂದು ಹಿಡಿದು ನಿಲ್ಲಿಸಿದರೆ? 2005ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೀಗೇ ಆಯಿತು. ಮಾಸ್ಕೋದ ಪುಷ್ಕಿನ್ ಸಂಗ್ರಹಾಲಯದ ಐವತ್ತಕ್ಕೂ ಹೆಚ್ಚು ಫ್ರೆಂಚ್ ಚಿತ್ರಗಳು ಮಾರ್ತಿನ್ಯಿಯ ಪ್ರದರ್ಶನ ಮುಗಿಸಿ ವಾಪಸ್ ಹೊರಟಿದ್ದವು. ರಷ್ಯಾ ಸರ್ಕಾರ ತನಗೆ ಹಣ ಕೊಡಬೇಕು ಎನ್ನುತ್ತಿದ್ದ ಒಂದು ಸ್ವಿಸ್ ಕಂಪನಿ ಅವನ್ನು ದಾರಿಯಲ್ಲೇ ತಡೆಹಿಡಿಸಿತು. ಕಡೆಗೆ ಸ್ವಿಸ್ ಸರ್ಕಾರವೇ ನಡುವೆ ಬಂದು ಬಿಡಿಸಬೇಕಾಯಿತು.

ಅಮೆರಿಕದಲ್ಲಿ ಇದಕ್ಕೊಂದು ಕಾನೂನು 1965ರ ಅಕ್ಟೋಬರಿನಲ್ಲೇ ಬಂದಿತ್ತು. ವರ್ಜೀನಿಯಾದ ರಿಚ್ಮಂಡ್ ವಿಶ್ವವಿದ್ಯಾಲಯ ಸೋವಿಯತ್ ಒಕ್ಕೂಟದಿಂದ ಕಲಾಕೃತಿಗಳನ್ನು ಎರವಲು ತರಿಸಲು ಹೊರಟಿತ್ತು. ಸೋವಿಯತ್ ಸರ್ಕಾರಕ್ಕೆ ಒಂದು ಹಳೆಯ ಅಂಜಿಕೆ: ಕ್ರಾಂತಿಯ ನಂತರ ಶ್ರೀಮಂತರಿಂದ ಕಿತ್ತುಕೊಂಡ ಚಿತ್ರಗಳಿವೆಯಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ, ದಾವೆ ಹೂಡಿದರೆ ಏನು ಗತಿ? ಅದಕ್ಕಾಗಿ ಹುಟ್ಟಿದ ಕಾನೂನು ಅದು. ತರುವ ವಸ್ತುವಿಗೆ ಸಾಂಸ್ಕೃತಿಕ ಮಹತ್ವವಿದೆ, ಅದರ ತಾತ್ಕಾಲಿಕ ಪ್ರದರ್ಶನ ರಾಷ್ಟ್ರದ ಹಿತಕ್ಕೆ ಅನುಗುಣ, ಲಾಭಕ್ಕಾಗಿ ಅಲ್ಲ ಎಂದು ಸರ್ಕಾರ ಮೊದಲೇ ತೀರ್ಮಾನಿಸಿ, ಆ ತೀರ್ಮಾನವನ್ನು ವಸ್ತು ದೇಶದೊಳಗೆ ಬರುವ ಮುನ್ನವೇ ತನ್ನ ಗೆಜೆಟ್ಟಿನಲ್ಲಿ ಪ್ರಕಟಿಸಬೇಕು. ಪ್ರಕಟಿಸಿದರೆ ಆ ನಾಡಿನ ಯಾವ ಕೋರ್ಟೂ ಅದನ್ನು ಜಪ್ತಿ ಮಾಡುವಂತಿಲ್ಲ. ಒಂದು ದಿನ ತಡವಾದರೂ ರಕ್ಷೆ ಇಲ್ಲ. ಇಂದಿಗೂ ಅಲ್ಲಿನ ವಿದೇಶಾಂಗ ಇಲಾಖೆ ಒಂದೇ ಅಚ್ಚಿನ ಈ ಪುಟ್ಟ ಪ್ರಕಟಣೆಗಳನ್ನು ಹೊರಡಿಸುತ್ತಲೇ ಇರುತ್ತದೆ. ನಾನು ಅಂಥ ಹಲವನ್ನು ಓದಿದ್ದೇನೆ. ಪ್ರದರ್ಶನದ ಹೆಸರು ಬದಲಾಗುತ್ತದೆ, ಮ್ಯೂಸಿಯಂ ಬದಲಾಗುತ್ತದೆ, ಮಿಕ್ಕ ವಾಕ್ಯಗಳು ನಮ್ಮ ಸಂಕಲ್ಪದ ಮಂತ್ರದ ಹಾಗೆ ಹಾಗೇ ಇರುತ್ತವೆ.

1912ರಲ್ಲಿ ರಷ್ಯಾದ ಚಿತ್ರಗಳನ್ನು ಹರಾಜು ಹಾಕಿದ ದೇಶ 53 ವರ್ಷಗಳ ನಂತರ ರಷ್ಯಾದ ಚಿತ್ರಗಳಿಗಾಗಿ ಈ ರಕ್ಷೆ ಕಟ್ಟಿತು. ಅದೂ ಎಲ್ಲವನ್ನೂ ತಡೆಯಲಿಲ್ಲ ಎನ್ನಿ. ಷ್ನೀರ್ಸನ್ ಗ್ರಂಥಭಂಡಾರದ ಬಗ್ಗೆ ಅಮೆರಿಕದ ಕೋರ್ಟೊಂದು 2010ರಲ್ಲಿ ರಷ್ಯಾದ ವಿರುದ್ಧ ತೀರ್ಪು ಕೊಟ್ಟ ಮೇಲೆ, 2011ರಿಂದ ರಷ್ಯಾ ತನ್ನ ಸರ್ಕಾರಿ ಸಂಗ್ರಹಾಲಯಗಳ ಚಿತ್ರಗಳನ್ನು ಅಲ್ಲಿಗೆ ಕಳಿಸುವುದನ್ನೇ ನಿಲ್ಲಿಸಿತು.

ಬೆಂಗಳೂರಿನ ಕಥೆಗೆ ಮರಳುತ್ತೇನೆ. ಸ್ವೆತೊಸ್ಲಾವ್ ಅವರಿಗೆ ಹುಟ್ಟಿದ ನಾಡಿನ ಸೆಳೆತ ಬಿಟ್ಟಿರಲಿಲ್ಲ. 1960ರಲ್ಲಿ ಮಾಸ್ಕೋ ಮತ್ತು ಲೆನಿನ್‌ಗ್ರಾಡಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. 1970ರ ದಶಕದ ಕೊನೆಯಲ್ಲಿ ತನ್ನ ಮತ್ತು ತಂದೆಯ 280ಕ್ಕೂ ಹೆಚ್ಚು ಚಿತ್ರಗಳು ಸಂಚಾರಿ ಪ್ರದರ್ಶನಕ್ಕೆಂದು ಸೋವಿಯತ್ ಒಕ್ಕೂಟ ಸೇರಿದವು. ತಾತ್ಕಾಲಿಕವಾಗಿ. ಊರೂರು ಸುತ್ತಿದವು, ಜನ ಸಾಲುಗಟ್ಟಿ ನೋಡಿದರು. ಸುತ್ತಾಟ ಮುಗಿದ ಮೇಲೆ ಅವು ನಿಂತದ್ದು ಮಾಸ್ಕೋದ ಪೌರ್ವಾತ್ಯ ಕಲೆಯ ಸಂಗ್ರಹಾಲಯದಲ್ಲಿ. ಹೌದು, ಸೇಂಟ್ ಲೂಯಿಸ್‌ಗೆ ಹೋಗಿ ಕಳೆದಿದ್ದ ಚಿತ್ರಗಳು ಎಪ್ಪತ್ತು ವರ್ಷದ ನಂತರ ಬಂದು ಸೇರಿದ ಅದೇ ಮನೆ.

1989ರಲ್ಲಿ ಮಾಸ್ಕೋದಲ್ಲಿ ಸೋವಿಯತ್ ರೋರಿಕ್ ಪ್ರತಿಷ್ಠಾನ ಹುಟ್ಟಿತು. 1990ರ ಮಾರ್ಚ್ 19ರಂದು ಸ್ವೆತೊಸ್ಲಾವ್ ಬೆಂಗಳೂರಿನಲ್ಲಿ ಒಂದು ಪತ್ರಕ್ಕೆ ಸಹಿ ಹಾಕಿದರು. ಕುಟುಂಬದ ಕಾಗದಪತ್ರ, ಚಿತ್ರಗಳು, ಆ ಸಂಚಾರಿ ಪ್ರದರ್ಶನದ ಚಿತ್ರಗಳೂ ಸೇರಿದಂತೆ, ಪ್ರತಿಷ್ಠಾನಕ್ಕೆ ಹೋಗತಕ್ಕದ್ದು ಎಂಬ ಪತ್ರ. ಅವರಿಗಾಗ 85 ದಾಟಿತ್ತು. ತಂದೆಯ ಹೆಸರಿನಲ್ಲಿ ಮಾಸ್ಕೋದಲ್ಲಿ ಒಂದು ಸಾರ್ವಜನಿಕ ಮ್ಯೂಸಿಯಂ ಆಗಬೇಕೆಂಬುದು ಅವರ ಆಸೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ "ರಷ್ಯಾದವರು ನಮ್ಮ ಚಿತ್ರ ಹೊಡೆದರು" ಎಂದು ನಮ್ಮಲ್ಲಿ ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ಹಾಗಲ್ಲ. ಅವು ಬೆಂಗಳೂರಿಗೆ ವಾಪಸ್ ಬರಲಿ ಎಂದು ಆ ಪತ್ರ ಕೇಳಲಿಲ್ಲ. ಅಲ್ಲೇ ಇರಲಿ, ಆದರೆ ಇಂಥವರ ಕೈಯಲ್ಲಿ ಇರಲಿ ಎಂದಿತು.

ಮರುವರ್ಷ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎರವಲು ಪಡೆದ ದೇಶವೇ ನಕ್ಷೆಯಿಂದ ಅಳಿಸಿಹೋದರೆ ಎರವಲು ಯಾರು ತೀರಿಸಬೇಕು? ಪ್ರತಿಷ್ಠಾನ 'ಅಂತರರಾಷ್ಟ್ರೀಯ ರೋರಿಕ್ ಕೇಂದ್ರ' ಎಂಬ ಹೊಸ ಹೆಸರು, ಹೊಸ ನೋಂದಣಿ ಪಡೆಯಿತು. ವಾರಸುದಾರರು ಇವರೇ ಎಂದು 1992ರಲ್ಲಿ ಸ್ವೆತೊಸ್ಲಾವ್ ಮತ್ತೆ ಬರೆದುಕೊಟ್ಟರು. ಸಂಗ್ರಹಾಲಯ ಒಪ್ಪಲಿಲ್ಲ. ಪತ್ರದಲ್ಲಿರುವ ಸಂಸ್ಥೆ ಒಂದು, ಬಂದು ಕೇಳುತ್ತಿರುವ ಸಂಸ್ಥೆ ಇನ್ನೊಂದು ಎಂಬುದು ಅದರ ವಾದ. 1993ರ ಜನವರಿ 30ರಂದು ಸ್ವೆತೊಸ್ಲಾವ್ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಅದೇ ವರ್ಷದ ನವೆಂಬರಿನಲ್ಲಿ ರಷ್ಯಾ ಸರ್ಕಾರ ಪೌರ್ವಾತ್ಯ ಸಂಗ್ರಹಾಲಯದ ಅಡಿಯಲ್ಲೇ ಸರ್ಕಾರಿ ರೋರಿಕ್ ಮ್ಯೂಸಿಯಂ ಆಗಲಿ ಎಂದು ಆದೇಶಿಸಿತು. 1994ರ ಮಾರ್ಚ್ 9ರಂದು ದೇವಿಕಾ ರಾಣಿ ಹೋದರು. ಮಕ್ಕಳಿರಲಿಲ್ಲ. ಕೇಳಲು ಬೆಂಗಳೂರಿನಲ್ಲಿ ಯಾರೂ ಉಳಿಯಲಿಲ್ಲ. ವ್ಯಾಜ್ಯ ಮಾತ್ರ ಮಾಸ್ಕೋದ ಕೋರ್ಟುಗಳಲ್ಲಿ ದಶಕಗಳ ಕಾಲ ನಡೆಯಿತು. 2017ರಲ್ಲಿ ಕೇಂದ್ರ ತಾನಿದ್ದ ಹಳೆಯ ಬಂಗಲೆಯನ್ನೇ ಕಳೆದುಕೊಂಡಿತು, ಅದೂ ಸಂಗ್ರಹಾಲಯದ ಕೈಗೆ ಹೋಯಿತು.

ತಾತಗುಣಿಯಲ್ಲೂ ಇತ್ತ ವ್ಯಾಜ್ಯಗಳೇ. ಕರ್ನಾಟಕ ಸರ್ಕಾರ 1996ರ ಕಾಯ್ದೆಯ ಮೂಲಕ ತೋಟವನ್ನು ವಹಿಸಿಕೊಂಡಿತು. ಕಾಯ್ದೆಯನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೂ ಹೋಗಿ, 2011ರ ಆಗಸ್ಟಿನಲ್ಲಿ ಸರ್ಕಾರದ ಪರ ತೀರ್ಮಾನವಾಯಿತು. ಆಸ್ತಿಯ ಹಕ್ಕಿನ ಬಗ್ಗೆ ಕಾನೂನು ವಿದ್ಯಾರ್ಥಿಗಳು ಇವತ್ತೂ ಆ ತೀರ್ಪು ಓದುತ್ತಾರೆ. ಅದರ ಹಿಂದೆ ಚಿತ್ರಕಾರನೊಬ್ಬನ ತೋಟವಿತ್ತೆಂಬುದು ಎಷ್ಟು ಜನಕ್ಕೆ ನೆನಪಿರುತ್ತದೋ.

ಪರಿಷತ್ತಿನ ಗೋಡೆಯ ಮೇಲಿರುವ ಚಿತ್ರಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ ಜಾರಿಗೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಕೇಂದ್ರ ಸರ್ಕಾರ ಯಾವುದೇ ಕೃತಿಯನ್ನು 'ಕಲಾನಿಧಿ' ಎಂದು ಘೋಷಿಸಬಹುದು. ಘೋಷಿಸಿದ ಮೇಲೆ ಸರ್ಕಾರವೋ ಅದು ಅಧಿಕಾರ ಕೊಟ್ಟವರೋ ಅಲ್ಲದೆ ಬೇರಾರೂ ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಹಾಗೆ ಘೋಷಿತರಾದವರು ಒಂಬತ್ತು ಮಂದಿ: ರವಿವರ್ಮ, ರವೀಂದ್ರನಾಥ ಠಾಕೂರ್, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ ಮತ್ತು ನಿಕೊಲಾಯ್ ರೋರಿಕ್. ಶೇರ್‌ಗಿಲ್ ಹುಟ್ಟಿದ್ದು ಬುಡಾಪೆಸ್ಟಿನಲ್ಲಿ, ಆದರೂ ತಂದೆ ಪಂಜಾಬಿನವರು. ಪೂರ್ತಿ ಹೊರಗಿನವರೆಂದರೆ ರೋರಿಕ್ ಒಬ್ಬರೇ. ಪಟ್ಟಿಯಲ್ಲಿ ಕನ್ನಡ ನಾಡಿನ ಹೆಸರಿಲ್ಲ. ಅವನೀಂದ್ರನಾಥರ ಶಿಷ್ಯರಾಗಿದ್ದು, ಕೊನೆಗಾಲವನ್ನು ಮಲ್ಲೇಶ್ವರದಲ್ಲಿ ಕಳೆದ ನಮ್ಮ ಕೆ. ವೆಂಕಟಪ್ಪನವರು ಇಲ್ಲ. ಇದು ನನಗೆ ಇವತ್ತಿಗೂ ನುಂಗಲಾರದ ತುತ್ತು.

ಈ ಕಾಯ್ದೆಯಲ್ಲಿ ಒಂದು ಸ್ವಾರಸ್ಯವಿದೆ. ಕಲಾವಿದ ಬದುಕಿರುವವರೆಗೆ ಅವನ ಕೃತಿಯನ್ನು ಕಲಾನಿಧಿ ಎಂದು ಘೋಷಿಸುವಂತಿಲ್ಲ. ಹಾಗಾಗಿ ತಂದೆ ಪಟ್ಟಿಯಲ್ಲಿದ್ದಾರೆ, ಮಗ ಆಗ ಬದುಕಿದ್ದರಿಂದ ಸೇರುವಂತಿರಲಿಲ್ಲ, ತೀರಿಕೊಂಡ ಮೇಲೂ ಸೇರಲಿಲ್ಲ. ಪರಿಷತ್ತಿನಲ್ಲಿ ಅಕ್ಕಪಕ್ಕ ತೂಗುವ ಎರಡು ಚಿತ್ರಗಳಲ್ಲಿ ತಂದೆಯದು ದೇಶದ ಗಡಿ ದಾಟಲಾರದು, ಮಗನದಕ್ಕೆ ಆ ಕಟ್ಟಿಲ್ಲ. ಸದ್ಯಕ್ಕೆ. ಏಕೆಂದರೆ ಇನ್ನೊಂದು ಕಲಮು ಕಾದು ಕುಳಿತಿದೆ: ನೂರು ವರ್ಷ ತುಂಬಿದ ಯಾವ ಚಿತ್ರವೂ, ಶಿಲ್ಪವೂ 'ಪುರಾತನ ವಸ್ತು'. 1904ರಲ್ಲಿ ಹುಟ್ಟಿದ ಮಗನ ಎಳವೆಯ ಚಿತ್ರಗಳಿಗೂ ಆ ವಯಸ್ಸು ಬರುತ್ತಿದೆ.

ಈ ನೂರು ವರ್ಷದ ಮಾತಿನಲ್ಲಿ ವಸ್ತು ಭಾರತದಲ್ಲೇ ಹುಟ್ಟಿರಬೇಕು ಎಂದಿಲ್ಲ, ಗಮನಿಸಿ. ಹಾಗಾದರೆ ಪ್ಯಾರಿಸಿನಿಂದಲೋ ಲಂಡನ್ನಿನಿಂದಲೋ ಮೂರು ತಿಂಗಳ ಪ್ರದರ್ಶನಕ್ಕೆ ಬರುವ ಇನ್ನೂರು ವರ್ಷದ ಚಿತ್ರ? ನಮ್ಮ ನೆಲ ಮುಟ್ಟಿದ ಕ್ಷಣದಿಂದ, ಕಾಯ್ದೆಯ ಪದಗಳನ್ನು ಹಾಗೇ ಓದಿದರೆ, ಅದೂ ಪುರಾತನ ವಸ್ತುವೇ. ಹೊರಗೆ ಹೋಗಬೇಕಾದರೆ ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಎರವಲು ಕೊಡುವ ಮ್ಯೂಸಿಯಂ ಮೊದಲು ಕೇಳುವ ಪ್ರಶ್ನೆ "ಹೇಗೆ ತರಿಸಿಕೊಳ್ಳುತ್ತೀರಿ" ಎಂದಲ್ಲ, "ಹೇಗೆ ಕಳಿಸುತ್ತೀರಿ" ಎಂದು. ನಮ್ಮಲ್ಲಿಂದ ಹೊರಗೆ ಸಾಗಿಹೋದ ಮೂರ್ತಿಗಳ ಲೆಕ್ಕ ನೋಡಿದವರಿಗೆ ಈ ಬಿಗಿ ತಪ್ಪು ಎನಿಸದು. ನನಗೂ ಅನಿಸುವುದಿಲ್ಲ. ಆದರೆ ಕದ್ದು ಸಾಗಿಸುವವನನ್ನು ತಡೆಯಲು ಹಾಕಿದ ಬೇಲಿ ನೆಂಟನಾಗಿ ಬಂದವನ ಪಂಚೆಗೂ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿನ ಹುಡುಗ ಹುಡುಗಿಯರು ಜಗತ್ತಿನ ದೊಡ್ಡ ಚಿತ್ರಗಳನ್ನು ಪುಸ್ತಕದಲ್ಲಿ, ಫೋನಿನಲ್ಲಿ ಮಾತ್ರ ನೋಡುವುದಕ್ಕೆ ಹಣದ ಕೊರತೆ, ತೇವ ಕಾಯುವ ಕೊಠಡಿಗಳ ಕೊರತೆ ಎಷ್ಟು ಕಾರಣವೋ ಈ ಕಾಗದಗಳ ಭಯವೂ ಅಷ್ಟೇ ಕಾರಣ ಎಂದು ನನ್ನ ಅನುಮಾನ. ಅಮೆರಿಕದವರ ಹಾಗೆ ಮೊದಲೇ "ಇದು ಬರುತ್ತದೆ, ಹೋಗುತ್ತದೆ, ಯಾರೂ ಮುಟ್ಟುವಂತಿಲ್ಲ" ಎಂದು ಗೆಜೆಟ್ಟಿನಲ್ಲಿ ನಾಲ್ಕು ಸಾಲು ಹಾಕಿಬಿಟ್ಟರೆ ಕೊಡುವವರ ಎದೆಬಡಿತ ಸ್ವಲ್ಪ ಇಳಿದೀತು.

ನಿವೃತ್ತರಾದ ಮೇಲೆ ಮಾವನಿಗೆ ಈ ಕಥೆಯನ್ನೆಲ್ಲ ಹೇಳಿದ್ದೆ. ಸೇಂಟ್ ಲೂಯಿಸ್, ಮಾಸ್ಕೋ ಎಲ್ಲ ಕೇಳಿಸಿಕೊಂಡು, ಕಾಫಿ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ಬೆಂಗಳೂರಿಂದ ಹೊರಟಾಗ ಪಟ್ಟಿ ಮಾಡಿದ್ದರಾ?"

"ಮಾಡಿದ್ದರು ಮಾವ. ಪಟ್ಟಿ ಇತ್ತು, ಸಹಿಯೂ ಇತ್ತು."

"ಮತ್ತೆ?"

"ಪಟ್ಟಿ ಪಡೆದ ದೇಶ ಇರಲಿಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಂತರ, ತಮ್ಮ ಕಚೇರಿಯಲ್ಲಿ ಪೂರ್ವ ಜರ್ಮನಿಯ ಹೆಸರಿನಲ್ಲಿ ಬಂದ ಒಂದು ಯಂತ್ರದ ಕಾಗದ ವರ್ಷಗಟ್ಟಲೆ ಹಾಗೇ ಬಿದ್ದಿತ್ತು ಎಂದು ನೆನಪು ಮಾಡಿಕೊಂಡರು. ಅದೇನಾಯಿತೋ ಅವರಿಗೂ ಗೊತ್ತಿರಲಿಲ್ಲ.

ಕಳೆದ ಜನವರಿಯಲ್ಲಿ ಚಿತ್ರಸಂತೆಯ ಮಾರನೆಯ ವಾರ ಪರಿಷತ್ತಿಗೆ ಹೋಗಿದ್ದೆ. ಸಂತೆಯ ದಿನ ಕಾಲಿಡಲು ಜಾಗವಿಲ್ಲದ ಕುಮಾರಕೃಪಾ ರಸ್ತೆ ಖಾಲಿಯಾಗಿತ್ತು. ಗ್ಯಾಲರಿಯಲ್ಲಿ ನಾನು, ಕಾವಲಿನವರು, ನೆಲದ ಮೇಲೆ ಕಾಲು ಮಡಚಿ ಕುಳಿತು ಒಂದು ಪರ್ವತವನ್ನು ನಕಲು ಮಾಡುತ್ತಿದ್ದ ವಿದ್ಯಾರ್ಥಿನಿ, ಇಷ್ಟೇ ಜನ. ಪುಸ್ತಕದಲ್ಲಿ ಆಕೆ ಒಂದು ನೀಲಿಯನ್ನು ಮೂರು ಸಲ ತಿದ್ದಿದ್ದಳು, ಸರಿಬಂದಿರಲಿಲ್ಲ. ನಾನು ಚೀಟಿ ಓದಲು ಹತ್ತಿರ ಹೋಗಿ ನಿಂತೆ.

"ಅಂಕಲ್, ಸ್ವಲ್ಪ ಪಕ್ಕಕ್ಕೆ ಬರ್ತೀರಾ?" ಎಂದಳು. "ಬೆಳಕು ಬೀಳ್ತಿಲ್ಲ."